ನೀಲಿ ಗೆರೆಯ ಕ್ಯಾನು

"ನಾನು ಹಾಲು ಕೆಡಿಸಿಲ್ಲ. ಅಳೋಕೂ ಬಂದಿಲ್ಲ, ಕೈಮುಗಿಯೋಕೂ ಬಂದಿಲ್ಲ. ಯಾರು ಕೆಡಿಸಿದ್ರು ಅಂತ ಹುಡುಕಿಕೊಡ್ರಿ, ಅಷ್ಟೆ!"

ಬಾಗಿಲಲ್ಲಿ ನಿಂತ ಹೆಂಗಸು ಹೀಗೆ ಅಂದದ್ದೇ ತಡ, ಬೆನಕಪ್ಪನ ಕೈಯಲ್ಲಿದ್ದ ಮಂಡಕ್ಕಿ ವಾಪಸು ತಟ್ಟೆಗೇ ಬಿತ್ತು. ಇಪ್ಪತ್ತೆಂಟು ವರ್ಷ ಶಿಕಾರಿಪುರ-ಸೊರಬ ದಾರಿಯಲ್ಲಿ ಕಂಡಕ್ಟರಾಗಿದ್ದವನು ಅವನು. ಟಿಕೆಟ್ಟು ತೆಗೆದುಕೊಳ್ಳದೆ ಜಗಳ ಮಾಡುವವರನ್ನು ಕಂಡಿದ್ದ, ಜಗಳ ಮಾಡುತ್ತಲೇ ಟಿಕೆಟ್ಟು ತೆಗೆದುಕೊಳ್ಳುವವರನ್ನೂ ಕಂಡಿದ್ದ. ಈಕೆ ಎರಡನೇ ಜಾತಿಯವಳು ಎಂದು ನೋಡಿದ ಕೂಡಲೇ ಅವನಿಗೆ ಅನ್ನಿಸಿತು.

"ಒಳಗೆ ಬಾ. ಕೂತು ಬೈಯಿ" ಎಂದರು ಶಕುಂತಲಮ್ಮ.

ಶಿಕಾರಿಪುರದ ಆ ಸಣ್ಣ ಮನೆಗೆ ಜನ ಹೀಗೆ ಬರುವುದು ಹೊಸದಲ್ಲ. ಶಕುಂತಲಮ್ಮ ಮೂವತ್ತು ವರ್ಷ ಡೇರಿಯ ಪ್ರಯೋಗಾಲಯದಲ್ಲಿ ಸೂಕ್ಷ್ಮಾಣುಗಳನ್ನು ನೋಡಿ ನಿವೃತ್ತರಾದವರು. ಉಪ್ಪಿನಕಾಯಿಗೆ ಬೂಷ್ಟು ಬಂದದ್ದರಿಂದ ಹಿಡಿದು ಮದುವೆ ಊಟದಲ್ಲಿ ನೂರು ಜನಕ್ಕೆ ಹೊಟ್ಟೆ ಕೆಟ್ಟದ್ದರವರೆಗೆ ಯಾವ ತಕರಾರೇ ಇರಲಿ, ಅದರ ಬುಡ ಹುಡುಕುವುದು ಆಕೆಗೆ ಕಾಫಿಯಷ್ಟೇ ಚಟವಾಗಿತ್ತು. ಜೊತೆಗೆ ಓಡಾಡುವ, ಬಸ್ಸಿನ ವೇಳೆ ಹೇಳುವ, ತಪ್ಪು ಊಹೆ ಮಾಡುವ ಕೆಲಸ ಪಕ್ಕದ ಮನೆಯ ಬೆನಕಪ್ಪನದು. ಮೂರನ್ನೂ ಅವನು ಚೆನ್ನಾಗಿಯೇ ಮಾಡುತ್ತಿದ್ದ.

ಬಂದವಳ ಹೆಸರು ದುರ್ಗಮ್ಮ. ಸೊರಬ ತಾಲ್ಲೂಕು, ಜಡೆಯಿಂದ ಎರಡು ಮೈಲಿ ಆಚೆ ಸಂಪಿಗೆಕೊಪ್ಪ. ಅಲ್ಲಿನ ಹಾಲಿನ ಸಂಘದಲ್ಲಿ ಕ್ಯಾನು ತೊಳೆಯುವ ಕೆಲಸ. ೧೯೯೮ರ ಜನವರಿ, ಚಳಿ ಬಿಡದ ಒಂದು ಶುಕ್ರವಾರ ಬೆಳಿಗ್ಗೆ ಆಕೆ ಹೇಳಿದ ಕತೆ ಇಷ್ಟು.

ಸಂಘದಲ್ಲಿ ಎಂಟು ಕ್ಯಾನು. ಬೆಳಗಿನ ಹಾಲಿಗೆ ಕೆಂಪು ಗೆರೆಯ ನಾಲ್ಕು, ಸಂಜೆ ಹಾಲಿಗೆ ನೀಲಿ ಗೆರೆಯ ನಾಲ್ಕು. ಸಂಜೆ ಹಾಲು ರಾತ್ರಿಯೆಲ್ಲ ನೀರಿನ ತೊಟ್ಟಿಯಲ್ಲಿ ನಿಂತು, ಬೆಳಗಿನ ಹಾಲಿನ ಜೊತೆ ವ್ಯಾನಿನಲ್ಲಿ ಹೋಗುತ್ತದೆ. ಮೊನ್ನೆ ಬುಧವಾರ ಹಾಲು ತಂಪು ಮಾಡುವ ಚಿಲ್ಲಿಂಗ್ ಸೆಂಟರಿನಲ್ಲಿ ನೀಲಿ ಕ್ಯಾನಿನ ಮುಚ್ಚಳ ತೆಗೆದು ಸೌಟು ಹಾಕಿದರೆ, ಹಾಲು ಸೌಟಿನ ಜೊತೆಗೇ ಎಳೆ ಎಳೆಯಾಗಿ ಎದ್ದು ಬಂತಂತೆ. ನಾಲ್ಕೂ ಕ್ಯಾನು ಚರಂಡಿಗೆ. ಗುರುವಾರವೂ ಅದೇ ಹಾಡು.

"ಸೆಕ್ರೆಟ್ರಿ ಸಣ್ಣಬೀರಪ್ಪ ಮುಚ್ಚಳ ಎಲ್ಲ ಬಿಚ್ಚಿ ನೋಡಿದ್ರು. ಕೆಂಪು ಕ್ಯಾನಿನ ರಬ್ಬರ್ ರಿಂಗಿನ ಅಡೀಲಿ ಮಜ್ಜಿಗೆ ಚೂರು ಸಿಕ್ತು. ಹೌದ್ರಿ, ನಾನೇ ಹಾಕೋದು! ಬಾಯ್ಲರ್ ಕೆಟ್ಟು ಆರು ತಿಂಗ್ಳಾತು, ಬಿಸಿನೀರಿಲ್ಲ, ಆವಿ ಇಲ್ಲ. ಬರೀ ಸೋಡಾ ಪುಡೀಲಿ ರಿಂಗಿನ ಜಿಗುಟು ಹೋಗಲ್ಲ. ನಮ್ಮಜ್ಜಿ ಹಾಲಿನ ಗಡಿಗೆ ಹುಳಿಮಜ್ಜಿಗೇಲಿ ತೊಳೀತಿದ್ಲು. ನಾನೂ ಹಂಗೇ ತಿಕ್ಕಿ, ಒಂದು ಗಳಿಗೆ ಬಿಟ್ಟು, ನೀರು ಹಾಕ್ತೀನಿ. ಅದಕ್ಕೆ 'ಹಾಲಿಗೆ ಮಜ್ಜಿಗೆ ಹಾಕಿ ಕೆಡಿಸಿದೀಯ' ಅಂತ ನೋಟೀಸು."

"ಕೆಡಿಸಿ ನಿಂಗೇನು ಸಿಗ್ತದಂತೆ?" ಎಂದ ಬೆನಕಪ್ಪ.

"ಅರವತ್ತು ಮನೆ ಹೆಂಗಸರು ಸೇರಿ ನಮ್ದೇ ಮಹಿಳಾ ಸಂಘ ಮಾಡ್ಕೊಡ್ರಿ ಅಂತ ಅರ್ಜಿ ಬರ್ದೀವಿ. ಹಾಲು ಕರೆಯೋರು ನಾವು, ಸಹಿ ಹಾಕೋರು ಗಂಡಸರು! ಹೋದ ಶನಿವಾರ ನಾನೇ ಸೊರಬಕ್ಕೆ ಹೋಗಿ ಅರ್ಜಿ ಕೊಟ್ಟು ಬಂದೆ. ಈಗ 'ಈ ಸಂಘ ಹಾಳಾಗ್ಲಿ ಅಂತ ನೀನೇ ಕೆಡಿಸಿದೀಯ' ಅಂತಾರೆ. ಸೋಮವಾರ ಸಭೆ. ಆರೋಪ ಒಪ್ಪಿದ್ರೆ ನನ್ನ ಕೆಲಸ ಹೋಗ್ತದೆ. ಹೋಗ್ಲಿ ಬಿಡ್ರಿ. ಆದ್ರೆ ಅರ್ಜೀಲಿ ಮೊದಲ ಹೆಸರು ನಂದು. ಅದು ಕೆಟ್ರೆ ಅರವತ್ತು ಜನದ ಅರ್ಜೀನೂ ವಾಪಸ್."

ಶಕುಂತಲಮ್ಮ ಕನ್ನಡಕ ಒರೆಸಿದರು. "ಶನಿವಾರ ನೀನಿಲ್ಲದಾಗ ಕ್ಯಾನು ತೊಳೆದೋರು ಯಾರು?"

"ಬೆಳಿಗ್ಗೆ ತೊಳೆದೇ ಬಸ್ಸು ಹತ್ತಿದ್ದೆ, ಸಂಜೆ ತೊಳೆಯೋ ಹೊತ್ತಿಗೆ ವಾಪಸ್ ಬಂದಿದ್ದೆ. ಒಂದು ಮಾತ್ರ ವಿಚಿತ್ರ. ಅವತ್ತು ಎಂಟೂ ರಿಂಗು ಒದ್ದೆ ಇದ್ವು. ಸೆಕ್ರೆಟ್ರಿ ತೊಳೆದಿರ್ಬೇಕು ಅಂದ್ಕೊಂಡೆ. ಅವರು ಅಂಥ ಕೆಲಸ ಮಾಡೋ ಪೈಕಿ ಅಲ್ಲ."

"ಸಂಘದ ಕೀಲಿ?"

"ಎರಡು. ಒಂದು ಸೆಕ್ರೆಟ್ರಿ ಹತ್ರ, ಇನ್ನೊಂದು ಅಧ್ಯಕ್ಷರು ಚಂದ್ರಶೇಖರಪ್ಪನೋರ ಹತ್ರ. ಅಧ್ಯಕ್ಷರು ಭಾನುವಾರ ಬೆಳಿಗ್ಗೆ ಶಿವಮೊಗ್ಗಕ್ಕೆ ಹೋದೋರು ನಿನ್ನೆ ಸಂಜೆ ಬಂದಾರೆ."

"ಹಂಗಾದ್ರೆ ಸಣ್ಣಬೀರಪ್ಪನೇ!" ಎಂದು ಬೆನಕಪ್ಪ ತೊಡೆ ತಟ್ಟಿದ. ಶಕುಂತಲಮ್ಮ ಅವನತ್ತ ನೋಡಲೂ ಇಲ್ಲ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸಂಪಿಗೆಕೊಪ್ಪ ತಲುಪುವಾಗ ಹೊತ್ತು ಇಳಿದಿತ್ತು. ಸಂಘದ ಬಾಗಿಲಲ್ಲಿ ಸಣ್ಣಬೀರಪ್ಪ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರನ್ನು ಲಾಠಿಯ ಹಾಗೆ ಹಿಡಿದಿದ್ದ.

"ಇಲಾಖೆ ಪುಸ್ತಕದಲ್ಲಿ ಮಜ್ಜಿಗೆ ಅಂತ ಎಲ್ಲೂ ಇಲ್ರಿ. ಸೋಡಾ ಪುಡಿ, ಬಿಸಿನೀರು, ಆವಿ. ಅಷ್ಟೇ ಇರೋದು."

"ಬಿಸಿನೀರು ಎಲ್ಲಿದೆ ತೋರ್ಸ್ರಿ" ಎಂದರು ಶಕುಂತಲಮ್ಮ.

ಅವನು ತುಕ್ಕು ಹಿಡಿದ ಬಾಯ್ಲರಿನ ಕಡೆ ಲ್ಯಾಕ್ಟೋಮೀಟರ್ ತೋರಿಸಿದ. ಆದರೂ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಶನಿವಾರ ಬೆಳಗಿನ ಹಾಲು ಕಳಿಸಿ, ಖಾಲಿ ಕ್ಯಾನು ವಾಪಸು ಬಂದ ಮೇಲೆ ಬೀಗ ಹಾಕಿ ಆನವಟ್ಟಿಗೆ ಅಕ್ಕನ ಮನೆಗೆ ಹೋಗಿದ್ದನಂತೆ. ರಿಂಗು ಮುಟ್ಟಿದವನೇ ಅಲ್ಲವಂತೆ. "ನಮ್ಮನೇಲಿ ದನಾನೇ ಇಲ್ರಿ. ಕಾಫಿಗೂ ಹಾಲು ಇಲ್ಲಿಂದಲೇ ಒಯ್ಯೋದು. ಸಂಘ ಮುಳುಗಿದ್ರೆ ಮೊದಲು ಮನೆಗೆ ಹೋಗೋನು ನಾನು" ಎಂದು ಗೊಣಗಿದ. ಬೆನಕಪ್ಪನಿಗೆ ಅವನ ಮೇಲಿನ ಅನುಮಾನ ಇನ್ನೂ ಬಲವಾಯಿತು; ಇಷ್ಟು ಬೇಗ ಲೆಕ್ಕ ಒಪ್ಪಿಸುವವರನ್ನು ಅವನು ನಂಬುತ್ತಿರಲಿಲ್ಲ.

ಶಕುಂತಲಮ್ಮ ಕೆಂಪು ಕ್ಯಾನಿನದೊಂದು, ನೀಲಿ ಕ್ಯಾನಿನದೊಂದು ರಿಂಗು ಬಿಚ್ಚಿ, ಕುದಿಸಿ ತಂದ ಬೇರೆ ಬೇರೆ ಬಾಟಲಿಗೆ ಹಾಕಿದರು. ಆಮೇಲೆ "ಮಜ್ಜಿಗೆ ಎಲ್ಲಿಂದ ತರ್ತೀಯ?" ಎಂದು ದುರ್ಗಮ್ಮನನ್ನು ಕೇಳಿದರು.

"ನಮ್ಮ ದನ ಬತ್ತಿದೆ. ಅಧ್ಯಕ್ಷರ ಮನೆ ಮಹಾದೇವಮ್ಮನೋರು ದಿನಾ ಬೆಳಿಗ್ಗೆ ಒಂದು ಚೊಂಬು ಕೊಡ್ತಾರೆ, ಅದು ಆ ಹೊತ್ತಿನ ತೊಳೆಯೋದಕ್ಕೇ ಮುಗೀತದೆ."

ಅಧ್ಯಕ್ಷರ ಮನೆ ಮುಟ್ಟುವಾಗ ಮಹಾದೇವಮ್ಮ ದೇವರ ಮುಂದೆ ದೀಪ ಹಚ್ಚಿ ಹೊರಬರುತ್ತಿದ್ದರು. ವಿಭೂತಿಯ ಹಣೆ, ಗಟ್ಟಿ ದನಿ. ಕೂರಿಸಿದರು, ಬೆಲ್ಲ ನೀರು ಕೊಟ್ಟರು. ಶಕುಂತಲಮ್ಮ ಒಂದು ಚೊಂಬು ಮಜ್ಜಿಗೆ ಕೇಳಿದ್ದೇ ತಡ, ಆಕೆ ಗಲ್ಲಕ್ಕೆ ಕೈ ಹಚ್ಚಿದರು.

"ಅಯ್ಯೋ ಶಿವನೆ! ದೀಪ ಹಚ್ಚಿದ ಮೇಲೆ ಮಜ್ಜಿಗೆ ಹೊಸ್ತಿಲು ದಾಟಿಸ್ತಾರೇನ್ರಿ? ದುರ್ಗಿಗೂ ಸಂಜೆ ಕೊಡಲ್ಲ ನಾನು. ಇಲ್ಲೇ ಉಳೀರಿ, ಬೆಳಿಗ್ಗೆ ಬಿಂದಿಗೆ ತುಂಬ ಒಯ್ರಿ."

ಶಕುಂತಲಮ್ಮ ಲೋಟ ಕೆಳಗಿಟ್ಟರು. "ಬೇಡಿಕೊಂಡ್ರೂ ಕೊಡಲ್ವಾ?"

"ನನ್ನ ಅತ್ತೆ ಕೊಟ್ಟಿಲ್ಲ, ನಾನೂ ಕೊಡಲ್ಲ."

ಆ ರಾತ್ರಿ ಅಲ್ಲೇ ಉಳಿದರು. ಬೆಳಿಗ್ಗೆ ಅಧ್ಯಕ್ಷರು ತೋಟಕ್ಕೆ ಹೋದ ಮೇಲೆ ಕೊಟ್ಟಿಗೆ ನೋಡುವ ನೆಪದಲ್ಲಿ ಹಿತ್ತಿಲಿಗೆ ಹೋದಾಗ ಬೆನಕಪ್ಪನಿಗೆ ಕಂಡದ್ದು ದನಗಳು ನೀರು ಕುಡಿಯುವ ಕಲ್ಲುಬಾನಿ. ಊರ ತುಂಬ ಬಾನಿಗಳು ಹಸಿರು ಪಾಚಿ, ಲೋಳೆ ಕಟ್ಟಿಕೊಂಡಿರುತ್ತವೆ. ಇದು ಮಾತ್ರ ಸುಣ್ಣ ಹಚ್ಚಿಸಿಕೊಂಡು ಬೆಳ್ಳಗೆ ಹೊಳೆಯುತ್ತಿತ್ತು.

"ಎಷ್ಟು ಚೊಕ್ಕ ಇಟ್ಕೊಂಡೀರಿ!" ಎಂದ ಅವನು.

"ನಮ್ಮ ಯಜಮಾನ್ರು ಭಾನುವಾರ ಶಿವಮೊಗ್ಗಕ್ಕೆ ಹೊರಡೋ ಮುಂಚೆ ತಾವೇ ನಿಂತು ತಿಕ್ಕಿಸಿ ಹೋದ್ರು. ಮದುವೆ ಆಗಿ ಮೂವತ್ತು ವರ್ಷದಲ್ಲಿ ಇದೇ ಮೊದಲು ನೋಡ್ರಿ" ಎಂದು ಮಹಾದೇವಮ್ಮ ನಕ್ಕರು. "ಹೋದ ಚಳಿಗಾಲ ತಿಕ್ಕಿಸಿದ್ರೆ ಚೆನ್ನಾಗಿತ್ತು. ಆಗ ನಮ್ಮನೆ ಹಾಲೂ ಹಿಂಗೇ ಎಳೆ ಬರ್ತಿತ್ತು. ದೃಷ್ಟಿ ಅಂತ ನಾನು ಅಂದ್ರೆ, ದನದ ಡಾಕ್ಟ್ರು 'ಬಾನಿ ಲೋಳೆ ಹಾಲಿಗೆ ಸೇರ್ತಿದೆ' ಅಂದ್ರು."

ಶಕುಂತಲಮ್ಮ ಮೊಣಕಾಲೂರಿ ಕೂತರು. ಬಾನಿಯ ಅಡಿಯ ತೂಬಿನೊಳಗೆ ಹತ್ತಿ ಸುತ್ತಿದ ಕಡ್ಡಿ ತೂರಿಸಿ ಹೊರತೆಗೆದರು. ಸುಣ್ಣ ಅಷ್ಟು ಒಳಗೆ ಹೋಗಿರಲಿಲ್ಲ. ಹತ್ತಿಗೆ ಲೋಳೆ ಅಂಟಿಕೊಂಡಿತ್ತು.

ಮನೆಗೆ ಬಂದ ಮೇಲೆ ಶುರುವಾಯಿತು ಬಾಟಲಿಗಳ ಸಂಸಾರ. ಕುದಿಸಿ ಆರಿಸಿದ ಹಾಲು ಐದು ಬಾಟಲಿ. ಒಂದಕ್ಕೆ ಕೆಂಪು ಕ್ಯಾನಿನ ರಿಂಗು, ಒಂದಕ್ಕೆ ನೀಲಿ ಕ್ಯಾನಿನದು. ಉಳಿದ ಮೂರಕ್ಕೂ ಬಾನಿಯ ಲೋಳೆ. ಆ ಮೂರರಲ್ಲಿ ಒಂದಕ್ಕೆ ಮಹಾದೇವಮ್ಮನ ಮಜ್ಜಿಗೆ ಒಂದು ಚಮಚ, ಇನ್ನೊಂದಕ್ಕೆ ಅದೇ ಮಜ್ಜಿಗೆಯನ್ನು ಕುದಿಸಿ ಆರಿಸಿದ್ದು ಒಂದು ಚಮಚ, ಮೂರನೆಯದಕ್ಕೆ ಏನೂ ಇಲ್ಲ. ಎಲ್ಲವನ್ನೂ ನೀರಿನ ಬಕೆಟ್ಟಿನಲ್ಲಿ ಸಾಲಾಗಿ ನಿಲ್ಲಿಸಿ, "ಮುಟ್ಟಿದ್ರೆ ಕೈ ಮುರೀತೀನಿ" ಎಂದರು. ಬೆನಕಪ್ಪ ಎರಡು ದಿನ ಬಕೆಟ್ಟಿನ ಸುತ್ತ ಸುತ್ತಿದ, ಮುಟ್ಟಲಿಲ್ಲ. ದುರ್ಗಮ್ಮನ ಎದೆಗಾರಿಕೆ ಅವನಿಗೆ ಬಹಳ ಹಿಡಿಸಿತ್ತು. ಆಕೆ ಸೋತರೆ ತಾನೇ ಸೋತ ಹಾಗೆ ಎಂದು ಅನ್ನಿಸತೊಡಗಿತ್ತು.

ಸೋಮವಾರ ಬಸವನ ವಾರ, ಎತ್ತು ಹೂಡುವಂತಿಲ್ಲ, ಊರೆಲ್ಲ ಬಿಡುವು. ಸಂಘದ ಅಂಗಳ ತುಂಬಿತ್ತು. ಮುಂದೆ ಗಂಡಸರು, ಹಿಂದೆ ಗೋಡೆಗೆ ಒರಗಿ ಹೆಂಗಸರು. ಸೊರಬದಿಂದ ಬಂದ ಸಹಕಾರ ಅಧಿಕಾರಿ ಕುರ್ಚಿಯಲ್ಲಿ, ಪಕ್ಕದಲ್ಲಿ ಅಧ್ಯಕ್ಷ ಚಂದ್ರಶೇಖರಪ್ಪ. ಗರಿಗರಿ ಬಿಳಿ ಅಂಗಿ, ಮಾತು ಬೆಣ್ಣೆ.

"ದುರ್ಗಮ್ಮ ನಮ್ಮೂರ ಮಗಳಿದ್ದಂಗೆ. ತಪ್ಪು ಒಪ್ಪಿಕೊಂಡು, ಆ ಅರ್ಜಿ ವಾಪಸ್ ತಗೊಂಡ್ರೆ ನಾವೂ ದೊಡ್ಡ ಮನಸ್ಸು ಮಾಡೋಣ" ಎಂದರು.

"ನಿಮ್ಮ ದೊಡ್ಡ ಮನಸ್ಸು ನಿಮ್ಮ ಹತ್ರಾನೇ ಇರ್ಲಿ" ಎಂದಳು ದುರ್ಗಮ್ಮ. ಹಿಂದಿನ ಸಾಲಿನಲ್ಲಿ ಗುಜುಗುಜು ಎದ್ದಿತು.

ಶಕುಂತಲಮ್ಮ ಎದ್ದು ನಿಂತು ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. "ಇದು ನೀಲಿ ಕ್ಯಾನಿನ ರಿಂಗು ಹಾಕಿದ ಹಾಲು" ಎಂದು ಚಮಚ ಅದ್ದಿ ಎತ್ತಿದರು. ಮೊಳದುದ್ದ ಎಳೆ ಬಂತು. "ಇದು ಕೆಂಪು ಕ್ಯಾನಿಂದು." ಬಾಟಲಿ ತಲೆಕೆಳಗು ಮಾಡಿದರೂ ಏನೂ ಬೀಳಲಿಲ್ಲ, ಒಳಗೆ ಗಟ್ಟಿ ಮೊಸರು.

"ಮಜ್ಜಿಗೆ ಸಿಕ್ಕಿದ್ದು ಕೆಂಪು ಕ್ಯಾನಲ್ಲಿ. ಎಳೆ ಬಂದದ್ದು ನೀಲೀಲಿ. ಮಜ್ಜಿಗೆಯಿಂದ ಎಳೆ ಬರೋದಾದ್ರೆ ಕೆಂಪು ಕ್ಯಾನು ಕೆಡಬೇಕಿತ್ತು. ಯಾರಾದ್ರೂ ಇದನ್ನ ಯೋಚನೆ ಮಾಡಿದ್ರಾ?"

ಸಣ್ಣಬೀರಪ್ಪ ಬಾಟಲಿಯ ಹತ್ತಿರ ಬಂದು ಬಗ್ಗಿ ನೋಡಿದ. "ಸಂಜೆ ಹಾಲು ರಾತ್ರಿಯೆಲ್ಲ ನಿಲ್ತದಲ್ರಿ, ಅದಕ್ಕಿರಬಹುದು" ಎಂದ.

"ಒಳ್ಳೆ ಪ್ರಶ್ನೆ. ಅದಕ್ಕೇ ಎರಡನ್ನೂ ಒಂದೇ ಹೊತ್ತು, ಒಂದೇ ಬಕೆಟ್ಟಲ್ಲಿ ನಿಲ್ಲಿಸಿದ್ದೆ. ವ್ಯತ್ಯಾಸ ಹೊತ್ತಿಂದಲ್ಲ, ಮಜ್ಜಿಗೆಯದು. ಬೆಳಿಗ್ಗೆ ದುರ್ಗಮ್ಮನಿಗೆ ಮಜ್ಜಿಗೆ ಸಿಗುತ್ತೆ. ಸಂಜೆ ಕ್ಯಾನು ತೊಳೆಯೋ ಹೊತ್ತಿಗೆ ದೀಪ ಹಚ್ಚಿ ಆಗಿರುತ್ತೆ. ದೀಪ ಹಚ್ಚಿದ ಮೇಲೆ ಈ ಊರಲ್ಲಿ ಮಜ್ಜಿಗೆ ಹೊಸ್ತಿಲು ದಾಟಲ್ಲ. ಹಾಗಾಗಿ ನೀಲಿ ರಿಂಗಿಗೆ ಬರೀ ತಣ್ಣನೆ ಸೋಡಾ ನೀರು. ಲೋಳೆ ಎಂಟೂ ರಿಂಗಿಗೆ ಹತ್ತಿತ್ತು. ಮಜ್ಜಿಗೆ ಸಿಕ್ಕ ನಾಲ್ಕು ಉಳ್ಕೊಂಡ್ವು, ಸಿಗದ ನಾಲ್ಕು ಕೆಟ್ವು. ಈಕೆ ಹಾಲು ಕೆಡಿಸಿಲ್ಲ. ಅರ್ಧ ಊರಿನ ಹಾಲು ಉಳಿಸಿದಾಳೆ."

ಹೆಂಗಸರ ಕಡೆಯಿಂದ ಚಪ್ಪಾಳೆ ಬಿತ್ತು. ಅಧಿಕಾರಿ ಮುಂದೆ ಬಾಗಿದರು. "ಮಜ್ಜಿಗೆ ಹುಳಿಯಿಂದ ಲೋಳೆ ಸತ್ತಿರಬೇಕು, ಅಲ್ವಾ?"

"ಹುಳಿಯ ಪಾಲೂ ಇದೆ. ಅಷ್ಟೇ ಅಲ್ಲ." ಆಕೆ ಇನ್ನೆರಡು ಬಾಟಲಿ ತೋರಿಸಿದರು. "ಎರಡಕ್ಕೂ ಒಂದೇ ಲೋಳೆ. ಕುದಿಸಿದ ಮಜ್ಜಿಗೆ ಹಾಕಿದ್ರಲ್ಲಿ ಹುಳಿ ಇದೆ, ಜೀವ ಇಲ್ಲ. ಎಳೆ ತಡವಾಗಿ ಬಂತು, ಆದ್ರೂ ಬಂತು. ಹಸಿ ಮಜ್ಜಿಗೆ ಹಾಕಿದ್ರಲ್ಲಿ ಎಳೆ ಇಲ್ಲ. ಲೋಳೆ ಮಾಡೋ ಬ್ಯಾಕ್ಟೀರಿಯಾ ನಾಲ್ಕಾರು ಇದ್ದಾಗ ತೆಪ್ಪಗಿರ್ತಾವೆ. ಒಂದೊಂದೂ ಸಣ್ಣಗೆ ಒಂದು ರಸ ಬಿಡುತ್ತೆ. ಆ ರಸ ದಟ್ಟ ಆದಾಗ 'ನಾವು ಸಾಕಷ್ಟು ಸೇರಿದ್ವಿ' ಅಂತ ಗೊತ್ತಾಗಿ ಎಲ್ಲ ಒಟ್ಟಿಗೆ ಲೋಳೆ ಮನೆ ಕಟ್ಕೋತಾವೆ. ಅದರೊಳಗೆ ಹೊಕ್ಕ ಮೇಲೆ ಸೋಡಾ ಪುಡಿ ಏನೂ ಮಾಡಲ್ಲ. ಬ್ಯಾಕ್ಟೀರಿಯಾ ಹಿಂಗೆ ಮಾತಾಡ್ಕೋತಾವೆ ಅಂತ ಹೊರದೇಶದ ಪ್ರಯೋಗಾಲಯಗಳಲ್ಲಿ ಈಗೀಗ ಕಂಡ್ಕೊಂಡಿದಾರೆ. ಮಜ್ಜಿಗೆಯ ಜೀವಿಗಳು ಮೊದಲೇ ಜಾಗ ಹಿಡಿದು ಇವುಗಳ ಮಾತು ಕೆಡಿಸ್ತಾವೆ ಅಂತ ನನ್ನ ಗುಮಾನಿ. ಮಾತು ಕೆಡಿಸೋದರ ಬಗ್ಗೆ ಆಣೆ ಮಾಡಲ್ಲ. ಬಾಟಲಿ ಬಗ್ಗೆ ಮಾಡ್ತೀನಿ."

"ಹಂಗಾದ್ರೆ ಲೋಳೆ ತಾನಾಗೇ ಬಂತು. ಯಾರದೂ ತಪ್ಪಿಲ್ಲ. ಸಭೆ ಮುಗೀತು" ಎಂದು ಚಂದ್ರಶೇಖರಪ್ಪ ಎದ್ದರು.

"ಕೂತ್ಕೊಳ್ರಿ" ಎಂದರು ಶಕುಂತಲಮ್ಮ. ದನಿ ಏರಿಸಲಿಲ್ಲ. ಅಧ್ಯಕ್ಷರು ಕೂತರು. "ಎಲ್ಲರೂ ಕೇಳಿದ್ದು ಮಂಗಳವಾರ ಸಂಜೆ ಕ್ಯಾನಿನ ಹತ್ರ ಯಾರಿದ್ರು ಅಂತ. ಅದೇ ತಪ್ಪು. ದಿನಾ ಸೋಡಾ ನೀರು ಬೀಳೋ ರಿಂಗಲ್ಲಿ ಲೋಳೆ ಮನೆ ಕಟ್ಟೋಕೆ ಮೂರು ನಾಲ್ಕು ದಿನ ಬೇಕು. ಮಂಗಳವಾರದಿಂದ ಹಿಂದಕ್ಕೆ ಎಣಿಸ್ರಿ. ಶನಿವಾರ. ಅವತ್ತು ದುರ್ಗಮ್ಮ ಸೊರಬದಲ್ಲಿ. ಸಂಘಕ್ಕೆ ಬೀಗ. ಸಂಜೆ ಬಂದು ನೋಡಿದ್ರೆ ಎಂಟೂ ರಿಂಗು ಒದ್ದೆ. ಬೆಳಗಿಂದು ಸಂಜೇದು ಒಟ್ಟಿಗೆ ಒದ್ದೆ ಆಗೋದು ಯಾರೋ ಒಟ್ಟಿಗೆ ಬಿಚ್ಚಿ ಮುಳುಗಿಸಿದ್ರೆ ಮಾತ್ರ. ಕೀಲಿ ಇಬ್ಬರ ಹತ್ರ. ಸಣ್ಣಬೀರಪ್ಪನೋರಿಗೆ ದನ ಇಲ್ಲ, ಬಾನಿ ಇಲ್ಲ. ಸಂಘ ಮುಳುಗಿದ್ರೆ ಅವರ ಹೊಟ್ಟೆಗೇ ಹೊಡೆತ. ಬಾನಿ ಲೋಳೆಯಿಂದ ಹಾಲು ಎಳೆ ಬರುತ್ತೆ ಅಂತ ಹೋದ ವರ್ಷವೇ ಗೊತ್ತಿದ್ದ ಮನೆ ಒಂದೇ. ಭಾನುವಾರ ಬೆಳಿಗ್ಗೆ ಬಾನಿ ತಿಕ್ಕಿಸಿ ಸುಣ್ಣ ಹಚ್ಚಿಸಿದ ಮನೇನೂ ಅದೇ. ಹಚ್ಚಿಸಿ, ಹಾಲು ಕೆಡೋ ಹೊತ್ತಿಗೆ ಊರಲ್ಲಿರಬಾರದು ಅಂತ ಶಿವಮೊಗ್ಗಕ್ಕೆ ಹೋದೋರು ಯಾರು, ನೀವೇ ಹೇಳ್ರಿ. ಆ ತೂಬಿನ ಲೋಳೆ ಈ ಐದನೇ ಬಾಟಲೀಲಿದೆ. ಮಜ್ಜಿಗೆ ಹಾಕಿಲ್ಲ." ಚಮಚ ಎತ್ತಿದರು. ಎಳೆ ಬಂತು.

ಬೆನಕಪ್ಪ ಸಣ್ಣಬೀರಪ್ಪನ ಕಡೆ ನೋಡಿ, ನಾಚಿಕೆಯಿಂದ ಕಣ್ಣು ಬೇರೆ ಕಡೆ ತಿರುಗಿಸಿದ.

ಅಧ್ಯಕ್ಷರ ಬೆಣ್ಣೆ ಮಾತು ಕರಗಿ ಹೋಗಿತ್ತು. "ಊರಲ್ಲಿ ಎಲ್ಲರ ಬಾನೀಲೂ ಲೋಳೆ ಇದೆ! ನಾನು ರಿಂಗು ಮುಟ್ಟಿದ್ದನ್ನ ಕಣ್ಣಾರೆ ಕಂಡೋರು ಯಾರಿದಾರೆ? ಒಬ್ಬರನ್ನ ತೋರ್ಸ್ರಿ!"

ಕಣ್ಣಾರೆ ಕಂಡವರ ಹೆಸರು ಶಕುಂತಲಮ್ಮನ ಐದು ಬಾಟಲಿಯಲ್ಲಿ ಯಾವುದರಲ್ಲೂ ಇರಲಿಲ್ಲ. ಅದು ಬೆನಕಪ್ಪನಿಗೆ ಗೊತ್ತಿತ್ತು.

"ನಾನಿದೀನಿ."

ಗೋಡೆಯ ಹತ್ತಿರ ಮಹಾದೇವಮ್ಮ ಎದ್ದು ನಿಂತಿದ್ದರು. ಮುಖ ಕೆಂಪಗಾಗಿತ್ತು. "ಶನಿವಾರ ಮಧ್ಯಾಹ್ನ ಎಂಟು ರಿಂಗು ಹುರೀಲಿ ಪೋಣಿಸಿ ಬಾನೀಲಿ ಇಳಿಬಿಟ್ಟಿದ್ರಿ. 'ಎಂತಕ್ಕೆ' ಅಂದ್ರೆ 'ನೆನೆದ್ರೆ ಮೆತ್ತಗಾಗ್ತಾವೆ' ಅಂದ್ರಿ. ನಂಬಿದೆ. ಇವತ್ತು ಈ ಬಾಟಲಿ ನೋಡೋವರೆಗೂ ನಂಬಿದ್ದೆ."

"ಮನೆಗೆ ನಡಿ ನೀನು!"

"ನಡೀತೀನಿ, ಸಭೆ ಮುಗಿದ ಮೇಲೆ. ನಾನು ಹಾಲು ಕರೆದು ತಂದು ಸುರಿಯೋ ಕ್ಯಾನಿಗೆ ನೀವು ದನದ ಎಂಜಲು ಸವರಿದ್ರಲ್ರೀ! ಆ ಹುಡುಗಿ ತಲೆ ಮೇಲೆ ಹಾಕೋಕೆ!" ಆಕೆ ಗಂಡಸರ ಸಾಲು ದಾಟಿ ಮೇಜಿನ ಹತ್ತಿರ ಬಂದರು. "ಅಧಿಕಾರಿಗಳೇ, ಮಹಿಳಾ ಸಂಘದ ಅರ್ಜೀಲಿ ನನ್ನ ಸಹಿ ಇಲ್ಲ. ಇವರು ಬೇಡ ಅಂದಿದ್ರು. ಈಗ ಹಾಕ್ತೀನಿ, ಕಾಗದ ಕೊಡ್ರಿ."

ಚಂದ್ರಶೇಖರಪ್ಪ ಕುರ್ಚಿಯಲ್ಲಿ ಕುಸಿದರು. ಹೆಂಗಸರ ಸಂಘ ಬೇರೆಯಾದರೆ ತಾವು ಯಾರಿಗೆ ಅಧ್ಯಕ್ಷರು ಎಂದು ಏನೋ ತೊದಲಿದರು. ಅಧಿಕಾರಿ ಅವರ ಮಾತಿಗೆ ಕಾಯದೆ ದುರ್ಗಮ್ಮನ ಕಡೆ ತಿರುಗಿದರು. "ಇವರ ಮೇಲೆ ಕ್ರಮ ನಾನು ಶಿಫಾರಸು ಮಾಡ್ತೀನಿ. ನಿಮ್ಮ ಅರ್ಜಿ ಮುಂದಕ್ಕೆ ಹೋಗುತ್ತೆ. ನಿಮಗೆ ಇನ್ನೇನಾದ್ರೂ ಬೇಕಾ?"

"ಬೇಕು" ಎಂದಳು ದುರ್ಗಮ್ಮ. "ನಾನು ಹಾಲು ಕೆಡಿಸಿದೆ ಅಂತ ನಡಾವಳಿ ಪುಸ್ತಕದಲ್ಲಿ ಬರೆದಾರೆ. ಕೆಡಿಸಿಲ್ಲ ಅಂತ ಅದೇ ಪುಸ್ತಕದಲ್ಲಿ ಬರೀಬೇಕು. ಸೆಕ್ರೆಟ್ರಿ ಅಲ್ಲ, ಅಧ್ಯಕ್ಷರೇ ಬರೀಬೇಕು. ಬರ್ದು ಓದಬೇಕು."

ಪುಸ್ತಕವನ್ನು ಸಣ್ಣಬೀರಪ್ಪನೇ ತಂದು ಅಧ್ಯಕ್ಷರ ಮುಂದಿಟ್ಟ, ಪೆನ್ನಿನ ಮುಚ್ಚಳವನ್ನೂ ತೆಗೆದುಕೊಟ್ಟ. ಬರೆಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಚಂದ್ರಶೇಖರಪ್ಪ ತಲೆ ತಗ್ಗಿಸಿಕೊಂಡು, ತುಟಿ ಅಲ್ಲಾಡಿಯೂ ಅಲ್ಲಾಡದ ಹಾಗೆ, ಬರೆದದ್ದನ್ನು ಓದಿ ಮುಗಿಸಿದರು.

ದುರ್ಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಹೆಜ್ಜೆ ಮುಂದೆ ಬಂದಳು.

"ಗಟ್ಟಿಯಾಗಿ ಓದ್ರಿ" ಎಂದಳು. "ಹಿಂದೆ ಕೂತ ಹೆಂಗಸರಿಗೆ ಕೇಳಿಲ್ಲ."